ಟಾಯ್ಟ್, ಆರ್ಬರ್, ವಿಂಡ್‌ಮಿಲ್ಸ್: ಬೆಂಗಳೂರಿನಲ್ಲಿ ಯಾವ ಬಿಯರ್?

ಬಿಯರನ್ನು ತಾನೇ ತಯಾರಿಸಿ ಬಡಿಸುವ ಇಂದಿರಾನಗರದ ಪಬ್ ಟಾಯ್ಟ್ 2010ರಿಂದ ಇದೆ. ಮೊದಲ ಸಲ ಇಂಥ ಕ್ರಾಫ್ಟ್ ಬಿಯರ್ (ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಿಯರ್) ಕುಡಿಯುವವರನ್ನು ನಾನು ಅಲ್ಲಿಗೇ ಕಳುಹಿಸುವುದು. ಅಲ್ಲಿನ ಟಿನ್‌ಟಿನ್ ಟಾಯ್ಟ್ ಬೆಲ್ಜಿಯಂ ಶೈಲಿಯ ಗೋಧಿ ಬಿಯರ್. ಈ ಶೈಲಿಗೆ ಕಿತ್ತಳೆ ಸಿಪ್ಪೆ ಮತ್ತು ಧನಿಯ ಹಾಕುತ್ತಾರೆ. ಹೌದು, ಸಾರಿನ ಪುಡಿಗೆ ಹುರಿಯುವ ಅದೇ ಧನಿಯ. ಪಕ್ಕದಲ್ಲೇ ಟಾಯ್ಟ್ ವೈಸ್ ತರಿಸಿ ನೋಡಿ. ಇದು ಜರ್ಮನ್ ಶೈಲಿಯದು, ಲೋಟದಲ್ಲಿ ಮಬ್ಬಾಗಿ ನಿಲ್ಲುತ್ತದೆ. ನೊರೆಗೆ ಮೂಗು ತಾಗಿಸಿದರೆ ಬಾಳೆಹಣ್ಣು, ಹಿಂದೆಯೇ ಲವಂಗ. ಎರಡನ್ನೂ ಯಾರೂ ಹಾಕಿರುವುದಿಲ್ಲ, ಎಲ್ಲವೂ ಯೀಸ್ಟ್ ಕೆಲಸ. ಬಾಸ್ಮತಿ ಅಕ್ಕಿಯ ಬ್ಲಾಂಡ್, ಅಂದರೆ ತಿಳಿ ಬಣ್ಣದ ಬಿಯರ್, ಹಗುರ. ನನಗೆ ತುಸು ಸಪ್ಪೆ.

ಕಹಿ ಬೇಕೆನ್ನುವವರು ಮ್ಯಾಗ್ರತ್ ರಸ್ತೆಯ ಆರ್ಬರ್‌ಗೆ ಹೋಗಲಿ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹುಟ್ಟಿದ ಈ ಹೆಸರು 2012ರಲ್ಲಿ ಇಲ್ಲಿಗೆ ಬಂತು. ರೇಜಿಂಗ್ ಎಲಿಫೆಂಟ್ ಎಂಬ ಐಪಿಎ (ಇಂಡಿಯಾ ಪೇಲ್ ಏಲ್) ಶೈಲಿಯ ಬಿಯರ್‌ನಲ್ಲಿ ಹಾಪ್ಸ್ ಹೂವಿನ ಕಹಿಯೇ ಯಜಮಾನ. ಹಾಗಲಕಾಯಿ ಗೊಜ್ಜನ್ನು ಚಪ್ಪರಿಸುವವರಿಗೆ ಇದು ಒಗ್ಗುತ್ತದೆ. ಉಳಿದವರು ಮೊದಲು ಸಣ್ಣ ಲೋಟದಲ್ಲಿ ರುಚಿ ನೋಡುವುದು ಒಳ್ಳೆಯದು.

ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಲ್ಲಿ ಗೋಡೆ ತುಂಬ ಪುಸ್ತಕ, ವೇದಿಕೆಯ ಮೇಲೆ ಜಾಝ್. ಮೂರರಲ್ಲಿ ಜೇಬಿಗೆ ಹೆಚ್ಚು ಭಾರ ಇದೇ. ಮಾತಿಗಿಂತ ಸಂಗೀತ ಬೇಕಾದ ಸಂಜೆಗೆ ಮಾತ್ರ ಅಷ್ಟು ದೂರ ಹೋಗುತ್ತೇನೆ.

ಕಾರು ಮನೆಯಲ್ಲೇ ಇರಲಿ. ಮೂರೂ ನೇರಳೆ ಮಾರ್ಗದ ಮೆಟ್ರೊ ಕಡೆಗೇ ಇವೆ.