ಒಂದೇ ರ‍್ಯಾಮ್, ಮೂರು ಮೈ

ಝಡ್80 ಇಟ್ಟುಕೊಂಡು ಸಣ್ಣ ಕಂಪ್ಯೂಟರ್ ಕಟ್ಟುವ ಹುಚ್ಚು ಹಿಡಿದು ಮೂರು ಮಳೆಗಾಲ ಆಯ್ತು. 1976ರ ಪ್ರೊಸೆಸರ್ ಅದು. 2024ರಲ್ಲಿ ಅದನ್ನು ತಯಾರಿಸುತ್ತಿದ್ದ ಝೈಲಾಗ್ ಕಂಪನಿ ಕೊನೆಯ ಆರ್ಡರ್ ತೆಗೆದುಕೊಂಡು ಕೈತೊಳೆದುಕೊಂಡಿತು. ನಾನು ಅದೇ ಬೋರ್ಡನ್ನು ಮೂರು ಸಲ ಕಟ್ಟಿದೆ. ರ‍್ಯಾಮ್ ಮೂರರಲ್ಲೂ ಒಂದೇ, ಎಎಸ್6ಸಿ4008: 512 ಕೆಬಿ, 55 ನ್ಯಾನೊಸೆಕೆಂಡ್. ಬದಲಾದದ್ದು ಅದರ ಮೈ, ಅಂದರೆ ಹೊರಗಿನ ಪ್ಲಾಸ್ಟಿಕ್ ಕವಚ ಮತ್ತು ಕಾಲುಗಳ ಜೋಡಣೆ ಮಾತ್ರ.

ಮೊದಲು ಡಿಪ್, ಎರಡು ಸಾಲು ಉದ್ದ ಕಾಲಿನದು. ಕಾಲಿಂದ ಕಾಲಿಗೆ 2.54 ಮಿ.ಮೀ. ಅಂತರ, ಸಾಕೆಟ್ಟಿಗೆ ಒತ್ತಿದರೆ ಕೆಲಸ ಮುಗಿಯಿತು. ಆದರೆ ನಮ್ಮ ಮನೆ ಇರುವುದು ಪಣಂಬೂರಿನಲ್ಲಿ, ಕಿಟಕಿ ತೆಗೆದರೆ ಉಪ್ಪುಗಾಳಿ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಗ್ಗದ ಸಾಕೆಟ್ಟಿನ ತಗಡು ಕಪ್ಪಾಗಿ, ಬೇಸಿಕ್ ಪ್ರೋಗ್ರಾಂ ನಡುವಲ್ಲೇ ನಿಲ್ಲುತ್ತಿತ್ತು. ಚಿಪ್ಪನ್ನು ಹೆಬ್ಬೆರಳಲ್ಲಿ ಒತ್ತಿದರೆ ಮತ್ತೆ ಸರಿ. ಡಿಪ್ಪೇ ಬೇಕೆಂದರೆ ತಿರುಗಿಸಿ ಮಾಡಿದ ದುಂಡು ಪಿನ್ನಿನ ಸಾಕೆಟ್ ಹಾಕಿ.

ಎರಡನೆಯದು ಟಿಸಾಪ್, ಬೋರ್ಡಿನ ಮೇಲೆಯೇ ಬೆಸುಗೆ ಹಾಕುವ ತೆಳ್ಳಗಿನ ಮೈ. ನೋಡಲು ಚಂದ, ಬೋರ್ಡಿನಲ್ಲಿ ಜಾಗವೂ ಕಡಿಮೆ, ಆದರೆ ಕಾಲುಗಳ ನಡುವೆ ಬರೀ 0.5 ಮಿ.ಮೀ. ಇದಕ್ಕೆ ಸೋಲ್ಡರ್ ಪೇಸ್ಟ್ (ಬೆಸುಗೆ ಲೋಹದ ಪುಡಿ ಬೆರೆತ ಅಂಟು), ಅದನ್ನು ಕರಗಿಸಲು ಹಾಟ್ ಏರ್ ಎಂದು ಹೊರಟೆ. ಪೇಸ್ಟನ್ನು ತಂಪಲ್ಲಿ ಇಡಬೇಕಲ್ಲ, ಫ್ರಿಜ್ಜಲ್ಲಿ ಇಟ್ಟೆ. ಅಮ್ಮ ನೋಡಿದವರೇ, "ಎಂಥದು ಮಾರಾಯ ಇದು, ಬಂಗುಡೆಯ ಪಕ್ಕ ಸೀಸ ಇಡುವುದಾ?" ಎಂದು ಆಚೆ ಎಸೆದರು. ಅವರು ಹೇಳಿದ್ದು ಸರಿಯೇ. ಇನ್ನೊಂದು ಸಿರಿಂಜ್ ತರಿಸಿ, ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಆಫ್ ಮಾಡಿ ಕೂತೆ. ಬೆವರು ಬೋರ್ಡಿಗೆ ತೊಟ್ಟಿಕ್ಕುತ್ತಿತ್ತು. ಬಿಸಿಗಾಳಿ ಸ್ವಲ್ಪ ಜೋರಾದದ್ದೇ ತಡ, ಪಕ್ಕದ ಪುಟ್ಟ 0603 ಅಳತೆಯ ಕೆಪಾಸಿಟರ್ ಹಾರಿ ಎಲ್ಲಿಗೋ ಹೋಯಿತು, ಇವತ್ತಿಗೂ ಸಿಕ್ಕಿಲ್ಲ. ಚಿಪ್ಪು ಕೂತದ್ದೇನೋ ನೇರವಾಗಿಯೇ, ಆದರೆ ನಾಲ್ಕು ಕಡೆ ಕಾಲುಗಳು ಒಂದಕ್ಕೊಂದು ಅಂಟಿದ್ದವು. ಅವನ್ನು ಬಿಡಿಸುವಾಗ ಒಂದು ಪ್ಯಾಡ್, ಅಂದರೆ ಕಾಲು ಕೂರುವ ತಾಮ್ರದ ಪಟ್ಟಿ, ಎದ್ದು ಬಂತು.

ಕರಾವಳಿಯವರಿಗೆ ಇನ್ನೊಂದು ತಲೆನೋವು ತೇವ. ಎಂಎಸ್‌ಎಲ್ 3 (ಚಿಪ್ಪು ಎಷ್ಟು ತೇವ ತಾಳುತ್ತದೆ ಎಂಬುದರ ಗುರುತು) ಎಂದು ಬರೆದ ಚಿಪ್ಪನ್ನು ಚೀಲದಿಂದ ತೆಗೆದ ಮೇಲೆ 168 ಗಂಟೆಯೊಳಗೆ ಬಳಸಬೇಕು. ಆ ಲೆಕ್ಕವೂ 30 ಡಿಗ್ರಿ, 60 ಶೇಕಡಾ ತೇವಾಂಶಕ್ಕೆ. ಜುಲೈಯಲ್ಲಿ ಮಂಗಳೂರಿನಲ್ಲಿ 60 ಎಲ್ಲಿಂದ ಬರಬೇಕು? ನೀರು ಹೀರಿದ ಚಿಪ್ಪಿನ ಮೈಗೆ ಒಮ್ಮೆಲೇ ಬಿಸಿಗಾಳಿ ಕೊಟ್ಟರೆ ಒಳಗಿನ ತೇವ ಆವಿಯಾಗಿ ಪ್ಲಾಸ್ಟಿಕ್ ಸೀಳುತ್ತದೆ, ಹುರಿದ ಜೋಳ ಅರಳಿದ ಹಾಗೆ. ಐರನ್‌ನಲ್ಲಿ ಬೆಸುಗೆ ಹಾಕಿದರೆ ಕಾಲು ಮಾತ್ರ ಕಾಯುವುದರಿಂದ ಆ ಭಯ ಕಡಿಮೆ.

ಹಾಗಾಗಿ ಮೂರನೆಯದು ಎಸ್‌ಒಪಿ, ಇದೂ ಬೋರ್ಡಿನ ಮೇಲೆಯೇ ಕೂರುವುದು, ಆದರೆ 1.27 ಮಿ.ಮೀ. ಅಂತರ. ಪ್ಯಾಡುಗಳಿಗೆಲ್ಲ ಬೆಸುಗೆ ಚೆನ್ನಾಗಿ ಹರಿಯಲೆಂದು ಜೆಲ್ ಫ್ಲಕ್ಸ್ ಬಳಿದೆ, ದೋಸೆಗೆ ಎಣ್ಣೆ ಹಾಕಿದಷ್ಟು ಧಾರಾಳವಾಗಿ. ಕರ್ಣದ ಎರಡು ತುದಿಯ ಕಾಲು ಅಂಟಿಸಿ, ಭೂತಗನ್ನಡಿಯಲ್ಲಿ ನೋಡಿದೆ. ಸಾಲು ತಪ್ಪಿದ್ದರೆ ಸರಿಮಾಡಲು ಸಮಯ ಇರುವುದು ಆಗಲೇ. ಮತ್ತೆ ಓರೆ ತುದಿಯ ಟಿಪ್ಪಿಗೆ ಒಂದು ಹನಿ ಸೋಲ್ಡರ್ ತೆಗೆದುಕೊಂಡು ಕಾಲುಗಳ ಮೇಲೆ ನಿಧಾನಕ್ಕೆ ಎಳೆದುಕೊಂಡು ಬಂದೆ. ಹನಿ ಒಂದೊಂದೇ ಕಾಲಿಗೆ ತನ್ನ ಪಾಲು ಬಿಟ್ಟು ಮುಂದೆ ಸರಿಯುವುದನ್ನು ನೋಡುವುದೇ ಒಂದು ಸುಖ. ಕೊನೆಯ ಎರಡು ಕಾಲು ಮಾತ್ರ ಯಾವಾಗಲೂ ಅಂಟಿಕೊಳ್ಳುತ್ತವೆ. ತಾಮ್ರದ ಹೆಣಿಗೆಯ ವಿಕ್ ಇಟ್ಟು ಒತ್ತಿದರೆ ಹೋಯಿತು. ಎರಡೂ ಬದಿ ಸೇರಿ ಹತ್ತು ನಿಮಿಷ, ಫ್ಯಾನ್ ನಿಧಾನಕ್ಕೆ ತಿರುಗುತ್ತಲೇ ಇತ್ತು. ಸೋಲ್ಡರ್ ತಂತಿ 63/37ರದ್ದೇ (63 ಪಾಲು ತವರ, 37 ಪಾಲು ಸೀಸ) ಇರಲಿ, 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ ಎಸ್‌ಎಸಿ305 ಕರಗಲು 217 ದಾಟಬೇಕು, ಕಲಿಯುವ ಕೈಗೆ ಅದು ಹಿಡಿಯುವುದಿಲ್ಲ. ಹೊಗೆ ಮೂಗಿಗೆ ಬಾರದಂತೆ ಕೂತು, ಮುಗಿದ ಮೇಲೆ ಕೈ ತೊಳೆಯಿರಿ, ಅಷ್ಟೆ.

ಆಗಾಗ ತಾಜಾ ಮಾಡದಿದ್ದರೆ ಬರೆದದ್ದನ್ನು ಮರೆಯುವ ಡಿರ‍್ಯಾಮ್ ಕೂಡ ನೋಡಿದ್ದೇನೆ. 4164 ಎಂಟು ಚಿಪ್ಪು ಸೇರಿದರೆ 64 ಕೆಬಿ. ಅದರ 128 ಸಾಲುಗಳನ್ನು 2 ಮಿಲಿಸೆಕೆಂಡಿಗೊಮ್ಮೆ ತಾಜಾ ಮಾಡಬೇಕು. ಝಡ್80ರ ಆರ್ ರಿಜಿಸ್ಟರ್ ಅದನ್ನು ತಾನೇ ನೋಡಿಕೊಳ್ಳುತ್ತದೆ, ಆ ಜಾಣತನಕ್ಕೆ ಸಲಾಂ. ಆದರೆ ರಿಸೆಟ್ ಗುಂಡಿಯನ್ನು ಸ್ವಲ್ಪ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಆ ಕೆಲಸ ನಿಂತು ಬರೆದದ್ದೆಲ್ಲ ಹೋದಂತೆ. ಹಳೆಯ ರುಚಿಗಾಗಿ ಕಟ್ಟುವವರು ಕಟ್ಟಲಿ.

ಕರೆಂಟ್ ಹೋದರೂ ಪ್ರೋಗ್ರಾಂ ಉಳಿಸಿಕೊಳ್ಳುವ ರೋಮಿನಲ್ಲಿ (ROM) ನಾನು ಮೋಸ ಹೋದದ್ದು ಎರಡು ಸಲ. ಒಮ್ಮೆ ತರಿಸಿದ 28ಸಿ256 ರೋಮ್ ಚಿಪ್ಪಿನ ಬೆನ್ನಿಗೆ ಅಸಿಟೋನ್ ಒರೆಸಿದರೆ ಅಕ್ಷರವೇ ಅಳಿದು ಕೆಳಗೆ ಬೇರೆ ನಂಬರ್ ಕಂಡಿತು. ಇನ್ನೊಮ್ಮೆ ತಪ್ಪು ನನ್ನದೇ. ಅಸಲಿ ಚಿಪ್ಪು, 150 ನ್ಯಾನೊಸೆಕೆಂಡಿನದು, 4 ಮೆಗಾಹರ್ಟ್ಸ್‌ನಲ್ಲಿ ಚೆನ್ನಾಗಿ ಓಡುತ್ತಿತ್ತು. 7.3728ಕ್ಕೆ ಏರಿಸಿದ್ದೇ ತೆರೆಯ ಮೇಲೆ ಕಸ. ಆ ವೇಗದಲ್ಲಿ ಕ್ಲಾಕಿನ ಒಂದು ಸುತ್ತು ಸುಮಾರು 136 ನ್ಯಾನೊಸೆಕೆಂಡ್. ಚಿಪ್ಪನ್ನು ಎಬ್ಬಿಸುವ ಸಂಕೇತ ಅರ್ಧ ಸುತ್ತು ಕಳೆದ ಮೇಲೆ ಬರುತ್ತದೆ, ಉಳಿಯುವುದು ಒಂದೂವರೆ ಸುತ್ತು; ಅದರಲ್ಲೂ ಪ್ರೊಸೆಸರ್ ತನ್ನ ಪಾಲು ತಿಂದರೆ 150ಕ್ಕೆ ಜಾಗ ಸಾಲದು. ಎಸ್‌ಎಸ್‌ಟಿ39ಎಸ್‌ಎಫ್040 ಫ್ಲಾಶ್ 70 ನ್ಯಾನೊಸೆಕೆಂಡಿನದು, 512 ಕೆಬಿ, 5 ವೋಲ್ಟ್ ಸಾಕು. ಒಂದೊಂದು ಬೈಟ್ ತಿದ್ದಲು ಬಿಡುವುದಿಲ್ಲ, 4 ಕೆಬಿಯ ತುಂಡನ್ನೇ ಅಳಿಸಬೇಕು. ಆದರೂ ನನ್ನ ಬೋರ್ಡಿನಲ್ಲಿ ಈಗ ಇರುವುದು ಅದೇ, ಎಸ್‌ಒಪಿ ರ‍್ಯಾಮಿನ ಪಕ್ಕದಲ್ಲಿ.

ಉಳಿದ ಟಿಸಾಪ್ ಚಿಪ್ಪುಗಳು ಸಿಲಿಕಾ ಜೆಲ್ ಜೊತೆ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಉಂಟು. ಎಸಿ ಕೋಣೆ ಇದ್ದವರು ಬೇಕಾದರೆ ಒಯ್ಯಬಹುದು.