ಜರ್ಮನಿಯಲ್ಲಿರುವ ಒಬ್ಬರಿಗೆ ಸಂಬಳ ಕೊಡುವ ಮೂರು ದಾರಿ

ಸಿದ್ದಾಪುರದ ನಮ್ಮ ಕಾಫಿ ಪುಡಿ ಘಟಕಕ್ಕೆ ಹ್ಯಾಂಬರ್ಗ್‌ನಲ್ಲಿ ಮಾರಾಟ ನೋಡಿಕೊಳ್ಳುವವರು ಒಬ್ಬರಿದ್ದಾರೆ. ಅಲ್ಲಿಯವರೇ. ಅವರಿಗೆ ಮೂರು ರೀತಿಯಲ್ಲಿ ದುಡ್ಡು ಕೊಟ್ಟು ನೋಡಿದ್ದೇವೆ.

ಮೊದಲು ಕಾಂಟ್ರಾಕ್ಟ್. ಅವರು ಬಿಲ್ ಕಳಿಸುತ್ತಿದ್ದರು, ನಾವು ಬ್ಯಾಂಕಿನಿಂದ ಯೂರೋ ಕಳಿಸುತ್ತಿದ್ದೆವು. ಖರ್ಚು ಕಡಿಮೆ. ಆದರೆ ಒಬ್ಬರಿಗೇ, ಅವರು ಹೇಳಿದ ಹೊತ್ತಿಗೆ ದುಡಿಯುವವರನ್ನು ಜರ್ಮನಿಯ ಕಾನೂನು ನೌಕರರೆಂದೇ ನೋಡುವ ಸಾಧ್ಯತೆ ಹೆಚ್ಚು. ತಪಾಸಣೆಯಲ್ಲಿ ಹಾಗೆ ತೀರ್ಮಾನವಾದರೆ 4 ವರ್ಷ ಹಿಂದಿನವರೆಗಿನ ವಿಮೆ, ಪಿಂಚಣಿ ಬಾಕಿ ಕೇಳುತ್ತಾರೆ. ಬೇಕೆಂದೇ ಕಟ್ಟಿಲ್ಲ ಎಂದಾದರೆ 30 ವರ್ಷ! ಅದಕ್ಕಿಂತ ನನ್ನನ್ನು ಕಾಡಿದ್ದು, ಜ್ವರ ಬಂದು ಮಲಗಿದರೆ ಅವರಿಗೆ ದುಡ್ಡಿಲ್ಲ ಅನ್ನೋದು. ಅಲ್ಲಿನ ನೌಕರರಿಗೆ ಕಾಯಿಲೆ ಬಂದರೆ 6 ವಾರದವರೆಗೆ ಪೂರ್ತಿ ಸಂಬಳವನ್ನು ಮಾಲೀಕರೇ ಕೊಡಬೇಕು.

ಆಮೇಲೆ ಇಓಆರ್ (ಎಂಪ್ಲಾಯರ್ ಆಫ್ ರೆಕಾರ್ಡ್). ಅಂದರೆ ಅಲ್ಲಿನ ಒಂದು ಕಂಪನಿ ಕಾಗದದ ಮೇಲೆ ಮಾಲೀಕ, ಕೆಲಸ ಹೇಳುವವರು ನಾವು. ತೆರಿಗೆ, ವಿಮೆ, ರಜೆ ಎಲ್ಲ ಅವರೇ ನೋಡುತ್ತಾರೆ. ತಿಂಗಳ ಶುಲ್ಕ ಜಾಸ್ತಿ. ಯೂರೋ ರೇಟಿನಲ್ಲೂ ಸ್ವಲ್ಪ ಇಟ್ಟುಕೊಳ್ಳುತ್ತಿದ್ದರು, ಬಿಲ್‌ನಲ್ಲಿ ಅದು ಕಾಣುತ್ತಿರಲಿಲ್ಲ. ಮೊದಲೇ ಕೇಳಿ ಬರೆಸಿಕೊಳ್ಳಿ. ಆದರೂ ಹೊಸಬರು ಮೊದಲ ವರ್ಷ ಇದನ್ನೇ ಹಿಡಿಯಲಿ ಅಂತ ನನ್ನ ಮಾತು. ನಿಯಮಗಳೆಲ್ಲ ಕಣ್ಣೆದುರೇ ನಡೆಯುತ್ತವೆ, ಕಲಿಯಬಹುದು. ಇದನ್ನು ಕಾರ್ಮಿಕರನ್ನು ಎರವಲು ಕೊಡುವ ಕಾನೂನಿನಡಿ ನಡೆಸಿದರೆ, ಒಬ್ಬರನ್ನು ಒಂದೇ ಕಡೆ ಸಾಮಾನ್ಯವಾಗಿ 18 ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ.

ಹಾಗಾಗಿ ಈಗ ನೇರ ನೋಂದಣಿ. ಜರ್ಮನಿಯಲ್ಲಿ ಶಾಖೆ ಇಲ್ಲದಿದ್ದರೂ ಅಲ್ಲಿನ ಉದ್ಯೋಗ ಇಲಾಖೆ ಮಾಲೀಕರಿಗೆ ನಂಬರ್ ಕೊಡುತ್ತದೆ. ಲೆಕ್ಕ ಅಲ್ಲಿನ ಅಕೌಂಟೆಂಟ್ ಮಾಡುತ್ತಾರೆ. ಸಂಬಳದ ಮೇಲೆ ನಮ್ಮ ಪಾಲಿನ ವಿಮೆ, ಪಿಂಚಣಿ ಸುಮಾರು ಐದನೇ ಒಂದು ಭಾಗ. ಕಷ್ಟ ಇರುವುದು ತಾರೀಖಿನಲ್ಲಿ. ಇಲ್ಲಿ ತೋಟದ ಬಟವಾಡೆ ವಾರಕ್ಕೊಮ್ಮೆ ಮುಗಿಯುತ್ತದೆ, ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಿದರೆ ಸಾಕು. ಅಲ್ಲಿ ವಿಮೆಯ ದುಡ್ಡು ಅದೇ ತಿಂಗಳು, ಕೊನೆಯಿಂದ ಮೂರನೇ ಬ್ಯಾಂಕ್ ದಿನಕ್ಕೆ ಸೇರಿರಬೇಕು. ಇಲ್ಲಿಂದ ಯೂರೋ ಹೋಗಲು ದಿನಗಳು ಬೇಕು ಅಲ್ವಾ? ಅದಕ್ಕೇ ನಾವು ತಿಂಗಳ ನಡುವೆಯೇ ಕಳಿಸಿಬಿಡುತ್ತೇವೆ. ಇಷ್ಟು ಶಿಸ್ತು ಇದ್ದರೆ ಮೂರರಲ್ಲಿ ನನಗೆ ಇದೇ ಒಳ್ಳೆಯದು. ಶುಲ್ಕ ಉಳಿಯುತ್ತದೆ, ಅವರಿಗೂ ನೌಕರಿಯ ಹಕ್ಕೆಲ್ಲ ಸಿಗುತ್ತದೆ.

ದಾರಿ ಯಾವುದಾದರೂ, ಆರ್ಡರ್‌ಗೆ ಒಪ್ಪಿ ಸಹಿ ಹಾಕುವ ಅಧಿಕಾರ ಮಾತ್ರ ನಾವು ಅವರಿಗೆ ಕೊಟ್ಟಿಲ್ಲ. ಅವರು ಅಲ್ಲಿ ನಮ್ಮ ಪರವಾಗಿ ವ್ಯಾಪಾರ ಕುದುರಿಸಿ ಮುಗಿಸುತ್ತಾ ಬಂದರೆ, ನಮ್ಮ ಲಾಭಕ್ಕೂ ಜರ್ಮನಿ ತೆರಿಗೆ ಕೇಳಬಹುದು.