ಮೌನಕ್ಕೆ ಎಲ್ಲಿ ಕೂರುವುದು: ಆಲೂರು, ತಿರುವಣ್ಣಾಮಲೈ, ಮನೆ

ಬೆಂಗಳೂರಿನ ಹತ್ತಿರ ಆಲೂರಿನ ಧಮ್ಮ ಪಫುಲ್ಲ ಕೇಂದ್ರದಲ್ಲಿ 10 ದಿನದ ವಿಪಶ್ಯನ ಧ್ಯಾನ ಶಿಬಿರ. ತಿರುವಣ್ಣಾಮಲೈಯ ರಮಣಾಶ್ರಮದಲ್ಲಿ 3 ದಿನ. ಮನೆಯಲ್ಲಿ ಒಂದಷ್ಟು ಭಾನುವಾರ ಮೌನ. ಮೂರೂ ಮಾಡಿ ನೋಡಿದ್ದೇನೆ.

ಮನೆಯದ್ದು ಮೊದಲು ಹೇಳಿಬಿಡುತ್ತೇನೆ. ಅದು ಆಗಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ಲೋಟ ಎತ್ತಿ ತೋರಿಸುತ್ತಾರೆ, ಕಾಫಿ ಬೇಕಾ ಅಂತ. ನಾನು ತಲೆಯಾಡಿಸುತ್ತೇನೆ. ಅದೂ ಮಾತೇ ಅಲ್ವಾ?

ಆಲೂರಿನಲ್ಲಿ ಸನ್ನೆಯೂ ಇಲ್ಲ. ಫೋನು, ಪುಸ್ತಕ, ಪೆನ್ನು ಎಲ್ಲ ಮೊದಲೇ ಒಪ್ಪಿಸಬೇಕು. ಬೆಳಗ್ಗೆ 4ಕ್ಕೆ ಗಂಟೆ ಹೊಡೆಯುತ್ತಾರೆ. ದಿನಕ್ಕೆ ಸುಮಾರು 10 ಗಂಟೆ ಕೂರುವುದು. ಮೊದಲ ಮೂರೂವರೆ ದಿನ ಉಸಿರು ನೋಡುವುದೊಂದೇ ಕೆಲಸ. ಎರಡನೇ ದಿನ ಬಟ್ಟೆ ಒಗೆಯುವಾಗ ಸೋಪಿನ ಕವರ್ ಮೇಲಿದ್ದದ್ದನ್ನೆಲ್ಲ ಓದಿದೆ. ತೂಕ, ಬೆಲೆ, ತಯಾರಾದ ತಿಂಗಳು. ಮುಗಿದ ಮೇಲೆ ಮತ್ತೆ ಮೊದಲಿಂದ ಓದಿದೆ. ಕಣ್ಣಿಗೆ ಅಷ್ಟು ಹಸಿವು. ಏಳನೇ ದಿನ ಅದೇ ಕವರ್ ಒಗೆಯುವ ಕಲ್ಲಿನ ಮೇಲಿತ್ತು, ಓದಬೇಕು ಅನ್ನಿಸಲೇ ಇಲ್ಲ. ನಲ್ಲಿ ಬಿಟ್ಟು ಸುಮ್ನೆ ನಿಂತಿದ್ದೆ. ಬಕೆಟ್ ತುಂಬುತ್ತ ಬಂದ ಹಾಗೆ ನೀರಿನ ಸದ್ದು ಏರುತ್ತ ಹೋಗುತ್ತದೆ. ಇಷ್ಟು ವರ್ಷ ಅದನ್ನು ಕೇಳಿಸಿಕೊಂಡೇ ಇರಲಿಲ್ಲ.

ನಾಲ್ಕನೇ ದಿನದಿಂದ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈಕಾಲು ಅಲುಗಿಸದೆ ಕೂರಬೇಕು. ಮಂಡಿ ನೋವು ಜಾಸ್ತಿನೇ. ದುಡ್ಡು ಕೇಳುವುದಿಲ್ಲ. ಶಿಬಿರ ಮುಗಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು.

ರಮಣಾಶ್ರಮದಲ್ಲಿ ಹೀಗೇ ಕೂರಿ ಅಂತ ಯಾರೂ ಹೇಳುವುದಿಲ್ಲ. ನವಿಲು ಕೂಗುತ್ತದೆ, ವೇದಪಾರಾಯಣ ನಡೆಯುತ್ತದೆ, ಹೊರಗೆ ಬಸ್ಸಿನ ಹಾರ್ನ್. ಬೆಳಗ್ಗೆ ಬೆಟ್ಟ ಹತ್ತಿ, ಸ್ಕಂದಾಶ್ರಮ ದಾಟಿ, ವಿರೂಪಾಕ್ಷ ಗುಹೆಯಲ್ಲಿ ಕೂತೆ. ರಮಣರು 1916ರವರೆಗೆ ಹಲವು ವರ್ಷ ಇದ್ದ ಜಾಗ ಅದು. ಒಳಗೆ ಕತ್ತಲೆ, ಸೆಕೆ. ಪಕ್ಕದವರ ಉಸಿರು ಕೇಳುತ್ತದೆ. ಅಲ್ಲಿ ಕೂತ ಅರ್ಧ ಗಂಟೆ ಆಲೂರಿನ ಎಷ್ಟೋ ಗಂಟೆಗಳಿಗಿಂತ ಹಗುರವಾಗಿತ್ತು. ಆದರೆ ಫೋನು ಜೇಬಲ್ಲೇ ಇತ್ತು, ಸಂಜೆ ತೆಗೆದು ನೋಡಿದೆ. ತಡೆಯುವವರು ಯಾರೂ ಇಲ್ಲವಲ್ಲ.

ಹಾಗಾಗಿ ಮೊದಲ ಸಲ ಹೋಗುವವರಿಗೆ ನಾನು ಆಲೂರನ್ನೇ ಹೇಳುತ್ತೇನೆ. ಅಲ್ಲಿನ ಕಟ್ಟುಪಾಡು ನಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ಡಾಕ್ಟರನ್ನು ಕೇಳದೆ ಹೋಗಬೇಡಿ. ಅರ್ಜಿಯಲ್ಲೂ ಮುಚ್ಚಿಡಬೇಡಿ. 10 ದಿನ ಒಬ್ಬರೇ ಮನಸ್ಸಿನ ಜೊತೆ ಇರುವುದು ಸಣ್ಣ ಮಾತಲ್ಲ.

ತಿರುವಣ್ಣಾಮಲೈಗೆ ಹೋಗುವುದಾದರೆ ಹುಣ್ಣಿಮೆ, ಕಾರ್ತಿಕ ದೀಪದ ದಿನಗಳನ್ನು ಬಿಡಿ. ಗಿರಿಪ್ರದಕ್ಷಿಣೆಗೆ ಬಂದ ಜನ ಕಿಕ್ಕಿರಿದಿರುತ್ತಾರೆ. ಕೋಣೆಗೆ ಮುಂಚೆಯೇ ಬರೆದು ಕೇಳಿ. ಫೋನು ಮನೆಯಲ್ಲೇ ಇರಲಿ.